ಐದು ನಿಮಿಷಕ್ಕೊಮ್ಮೆ ಲೆಕ್ಕ ಹಾಕುವ ಪಂಪು

“ಪಂಪು ಹಾಕಿಸಿಕೊಂಡ ಮೇಲೆ ಶುಗರ್ ಚಿಂತೆ ಇರೋದಿಲ್ಲ ಅಲ್ವಾ ಡಾಕ್ಟ್ರೇ?” ಟೈಪ್ 1 ಡಯಾಬಿಟಿಸ್ ಇರುವವರ ಮನೆಯವರು ಕೇಳುವ ಮೊದಲ ಪ್ರಶ್ನೆ ಹೆಚ್ಚಾಗಿ ಇದೇ. ಇದಕ್ಕೆ ರಾತ್ರಿಯ ಉತ್ತರವೇ ಬೇರೆ, ಹಗಲಿನ ಉತ್ತರವೇ ಬೇರೆ. ರಾತ್ರಿ ಮಲಗಿದ ಮೇಲೆ ತಾನಾಗಿ ಇನ್ಸುಲಿನ್ ಕೊಡುವ ಈ ಪಂಪು ಬಹುಮಟ್ಟಿಗೆ ತಾನೇ ಎಲ್ಲವನ್ನೂ ನೋಡಿಕೊಳ್ಳುತ್ತದೆ, ಅದೂ ಒಬ್ಬರು ಎದ್ದು ಕೂತು ನೋಡಿಕೊಳ್ಳುವುದಕ್ಕಿಂತ ಚೆನ್ನಾಗಿ. ಹಗಲಲ್ಲಿ, ಅದರಲ್ಲೂ ಊಟದ ಹೊತ್ತಿಗೆ, ಅದಕ್ಕೆ ಇಟ್ಟುಕೊಂಡವರ ನೆರವು ಬೇಕೇ ಬೇಕು. ಹೀಗೇಕೆ ಎನ್ನುವುದು ಒಮ್ಮೆ ತಿಳಿದರೆ, ಪಂಪಿನ ಡಬ್ಬಿಯಲ್ಲಿ ಬರುವ ದಪ್ಪ ಪುಸ್ತಕದ ಮುಕ್ಕಾಲು ನಿಯಮಗಳನ್ನು ಬಾಯಿಪಾಠ ಮಾಡುವ ಅಗತ್ಯವೇ ಇರುವುದಿಲ್ಲ.

ಟೈಪ್ 1 ಎಂದರೆ ಮಕ್ಕಳ ಕಾಯಿಲೆ ಎಂಬ ನಂಬಿಕೆ ನಮ್ಮಲ್ಲಿ ಇನ್ನೂ ಇದೆ. ಆದರೆ ಆ ಮಕ್ಕಳು ದೊಡ್ಡವರಾಗುತ್ತಾರೆ. ಮೂವತ್ತು, ನಲವತ್ತರ ವಯಸ್ಸಿನಲ್ಲಿ ಹೊಸದಾಗಿ ಬರುವವರೂ ಇದ್ದಾರೆ. ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳನ್ನು ದೇಹದ ರೋಗನಿರೋಧಕ ಶಕ್ತಿಯೇ ನಾಶ ಮಾಡುವುದರಿಂದ ಇವರಿಗೆ ಇನ್ಸುಲಿನ್ ಹೊರಗಿನಿಂದಲೇ ಬರಬೇಕು, ದಿನಾಲೂ, ಜೀವನಪೂರ್ತಿ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ ಮೊದಲ ಬಾರಿಗೆ ಒಬ್ಬ ಹುಡುಗನಿಗೆ ಇನ್ಸುಲಿನ್ ಚುಚ್ಚಿದಾಗಿನಿಂದ ಪ್ರಾಣ ಉಳಿಸುವ ಪ್ರಶ್ನೆ ಬಗೆಹರಿಯಿತು. ಎಷ್ಟು ಕೊಡಬೇಕು, ಯಾವಾಗ ಕೊಡಬೇಕು ಎಂಬ ಪ್ರಶ್ನೆ ಮಾತ್ರ ರೋಗಿಯ ತಲೆಯ ಮೇಲೇ ಉಳಿಯಿತು. ಜಾಸ್ತಿಯಾದರೆ ಲೋ ಶುಗರ್, ಕಡಿಮೆಯಾದರೆ ಹೈ. ಕಾಯಿಲೆ ಬಂದು ಹದಿನೈದು, ಇಪ್ಪತ್ತು ವರ್ಷವಾದ ಅನೇಕರಿಗೆ ಲೋ ಆಗುವಾಗಿನ ಬೆವರು, ಕೈನಡುಕಗಳೂ ಮಾಯವಾಗುತ್ತವೆ. ಮುನ್ಸೂಚನೆಯೇ ಇಲ್ಲದೆ ಪ್ರಜ್ಞೆ ತಪ್ಪುವ ಈ ಅಪಾಯ ವಯಸ್ಕರ ದೊಡ್ಡ ತಲೆನೋವು. ಗಾಡಿ ಓಡಿಸುವವರು, ಒಬ್ಬರೇ ರೂಮಿನಲ್ಲಿ ಮಲಗುವವರು ಇದಕ್ಕೆ ಹೆದರಿ ಬೇಕೆಂದೇ ಶುಗರನ್ನು ಸ್ವಲ್ಪ ಮೇಲೆ ಇಟ್ಟುಕೊಳ್ಳುವುದೂ ಉಂಟು.

ಮೂರು ಭಾಗ, ಒಂದು ಲೆಕ್ಕ

ಈ ಹೊರೆಯನ್ನು ಹಂಚಿಕೊಳ್ಳುವ ಆಟೋ ಪಂಪಿನ ವ್ಯವಸ್ಥೆಯಲ್ಲಿರುವುದು ಮೂರು ಭಾಗ: ಸೆನ್ಸರ್, ಪಂಪು, ಇವೆರಡರ ನಡುವೆ ಲೆಕ್ಕ ಹಾಕುವ ಪ್ರೋಗ್ರಾಂ. ಸೆನ್ಸರನ್ನು ತೋಳಿಗೋ ಹೊಟ್ಟೆಗೋ ಅಂಟಿಸಿಕೊಳ್ಳುತ್ತಾರೆ. ಕೂದಲೆಳೆಯಷ್ಟು ಸಣ್ಣ ತಂತಿಯೊಂದು ಚರ್ಮದ ಕೆಳಗೆ ಇರುತ್ತದೆ. ಅದರ ಮೇಲೆ ಲೇಪಿಸಿದ ಕಿಣ್ವ ಗ್ಲೂಕೋಸಿನ ಜೊತೆ ವರ್ತಿಸಿದಾಗ ಅತಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಆ ವಿದ್ಯುತ್ತನ್ನು ಅಳೆದು ಶುಗರ್ ಎಷ್ಟೆಂದು ಐದು ನಿಮಿಷಕ್ಕೊಮ್ಮೆ ಹೇಳುತ್ತದೆ. ಅದು ಅಳೆಯುವುದು ರಕ್ತವನ್ನಲ್ಲ, ಜೀವಕೋಶಗಳ ನಡುವಿನ ದ್ರವವನ್ನು. ರಕ್ತದಲ್ಲಾದ ಬದಲಾವಣೆ ಆ ದ್ರವಕ್ಕೆ ತಲುಪಲು ಐದರಿಂದ ಹತ್ತು ನಿಮಿಷ ಬೇಕು. ಈ ತಡವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಪಂಪಿನಲ್ಲಿ ವೇಗವಾಗಿ ಕೆಲಸ ಮಾಡುವ ಒಂದೇ ಬಗೆಯ ಇನ್ಸುಲಿನ್ ತುಂಬಿರುತ್ತದೆ. ತೆಳ್ಳನೆಯ ಪೈಪಿನ ತುದಿಯಲ್ಲಿ ಮೃದುವಾದ ಕ್ಯಾನುಲಾ. ಅದು ಚರ್ಮದ ಕೆಳಗೆ ಕೂತು ಎರಡು ಮೂರು ದಿನ ಇರುತ್ತದೆ, ಆಮೇಲೆ ಜಾಗ ಬದಲಿಸಬೇಕು. ಏಳು ದಿನ ಬಾಳುವ ಸೆಟ್ಟುಗಳೂ ಈಗ ಬಂದಿವೆ. ಪಂಪು ಕೊಡುವ ಪ್ರಮಾಣ ಬಹಳ ಸಣ್ಣದು: ಒಂದು ಸಾಧಾರಣ ಹನಿಯಲ್ಲಿ ಸುಮಾರು 5 ಯೂನಿಟ್ ಇನ್ಸುಲಿನ್ ಇರುತ್ತದೆ. ಪಂಪು ಒಂದು ಸಲಕ್ಕೆ 0.025 ಯೂನಿಟ್, ಅಂದರೆ ಹನಿಯ ಇನ್ನೂರನೇ ಒಂದು ಪಾಲನ್ನು ಬಿಡಬಲ್ಲದು. ಸಿರಿಂಜಿನಲ್ಲಿ, ಪೆನ್ನಿನಲ್ಲಿ ಇದು ಆಗದ ಮಾತು.

ಇನ್ನು ಲೆಕ್ಕ. ಭಾರತದಲ್ಲಿ ಸಿಗುವ ಮೆಡ್‌ಟ್ರಾನಿಕ್ ಕಂಪನಿಯ ಮಿನಿಮೆಡ್ 780ಜಿ ಪಂಪನ್ನೇ ತೆಗೆದುಕೊಳ್ಳೋಣ. ಇದರಲ್ಲಿ ಗುರಿಯನ್ನು 100, 110 ಅಥವಾ 120ಕ್ಕೆ ಇಡಬಹುದು. ಶುಗರ್ ಎಷ್ಟಿದೆ, ಏರುತ್ತಿದೆಯೋ ಇಳಿಯುತ್ತಿದೆಯೋ, ಈಗಾಗಲೇ ಕೊಟ್ಟ ಇನ್ಸುಲಿನ್ ಇನ್ನೂ ಎಷ್ಟು ಕೆಲಸ ಮಾಡುವುದು ಬಾಕಿ ಇದೆ, ಇವಿಷ್ಟನ್ನು ಪ್ರತಿ ಐದು ನಿಮಿಷಕ್ಕೆ ತೂಗಿ ನೋಡಿ, ದಿನವಿಡೀ ಸಣ್ಣಗೆ ಹರಿಯುವ ಬೇಸಲ್ ಇನ್ಸುಲಿನ್ನನ್ನು ಏರಿಸುತ್ತದೆ, ಇಳಿಸುತ್ತದೆ, ಬೇಕಾದರೆ ನಿಲ್ಲಿಸಿಬಿಡುತ್ತದೆ. ಬೇಸಲನ್ನು ಏರಿಸಿಯೂ ಸಾಲದೆ ಹೋದರೆ ಚಿಕ್ಕ ಚಿಕ್ಕ ಕರೆಕ್ಷನ್ ಡೋಸುಗಳನ್ನು ತಾನೇ ಕೊಡುತ್ತದೆ. ಹಿಂದಿನ ಎರಡರಿಂದ ಆರು ದಿನಗಳಲ್ಲಿ ಒಟ್ಟು ಎಷ್ಟು ಇನ್ಸುಲಿನ್ ಬಳಸಿದ್ದೀರಿ ಎಂಬುದನ್ನು ನೋಡಿ ನಡುರಾತ್ರಿ ತನ್ನ ಮಿತಿಗಳನ್ನು ಪರಿಷ್ಕರಿಸಿಕೊಳ್ಳುತ್ತದೆ. ಹೊಸದಾಗಿ ಹಾಕಿಸಿಕೊಂಡವರಿಗೆ ಮೊದಲ ಎರಡು ದಿನ ಆಟೋ ಮೋಡ್ ಸಿಗದಿರುವುದು ಇದಕ್ಕೇ. ಯಂತ್ರ ಆಗಿನ್ನೂ ನಿಮ್ಮನ್ನು ನೋಡಿ ಕಲಿಯುತ್ತಿರುತ್ತದೆ. ಈ ಪಂಪಿನಲ್ಲಿ ಲೆಕ್ಕವೆಲ್ಲ ಪಂಪಿನೊಳಗೇ ನಡೆಯುತ್ತದೆ, ಮೊಬೈಲು ಬರೀ ತೋರಿಸಲಿಕ್ಕೆ. ಹಾಗಾಗಿ ಮಲೆನಾಡಿನ ಮೂಲೆಯಲ್ಲಿ ನೆಟ್‌ವರ್ಕ್ ಹೋದರೂ ಕೆಲಸ ನಿಲ್ಲುವುದಿಲ್ಲ. ಓಡುವುದು ಅಂಗಡಿಯಲ್ಲಿ ಸಿಗುವ ಒಂದು ಡಬಲ್ ಎ ಬ್ಯಾಟರಿಯಲ್ಲಿ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ರೋಮನ್ ಹೊವೊರ್ಕಾ ತಂಡ ರೂಪಿಸಿದ ಕ್ಯಾಮ್‌ಎಪಿಎಸ್ ಎಂಬ ಇನ್ನೊಂದು ವ್ಯವಸ್ಥೆಯಲ್ಲಿ ಲೆಕ್ಕ ಫೋನಿನಲ್ಲೇ ಕೂತಿರುತ್ತದೆ. ಅಲ್ಲಿ ಫೋನಿನ ಚಾರ್ಜ್ ಮುಗಿದರೆ ಆಟೋ ಮೋಡೂ ಮುಗಿದಂತೆ.

ರಾತ್ರಿ ಇದು ಹೇಗೆ ನಡೆಯುತ್ತದೆ ನೋಡಿ. ಎರಡೂ ಹತ್ತಕ್ಕೆ 140, ಎರಡೂ ಕಾಲಿಗೆ 133, ಎರಡೂ ಇಪ್ಪತ್ತಕ್ಕೆ 126 ಎಂದಿಟ್ಟುಕೊಳ್ಳಿ. ಇದೇ ವೇಗದಲ್ಲಿ ಇಳಿದರೆ ಇನ್ನು ಮುಕ್ಕಾಲು ಗಂಟೆಯಲ್ಲಿ ಅದು 70ಕ್ಕಿಂತ ಕೆಳಗೆ ಹೋಗುತ್ತದೆ. ಶುಗರ್ ಇನ್ನೂ 126 ಇರುವಾಗಲೇ ಪಂಪು ಇನ್ಸುಲಿನ್ ಕಡಿಮೆ ಮಾಡಿ, ಆಮೇಲೆ ಪೂರ್ತಿ ನಿಲ್ಲಿಸುತ್ತದೆ. ಇಳಿತ 90ರ ಆಸುಪಾಸಿನಲ್ಲಿ ನಿಧಾನವಾಗುತ್ತದೆ. ಮಲಗಿದವರಿಗೆ ಏನೂ ಗೊತ್ತಾಗಿರುವುದಿಲ್ಲ. ಬೆಳಗಿನ ಜಾವ ನಾಲ್ಕರ ಮೇಲೆ ದೇಹದ ಹಾರ್ಮೋನುಗಳು ಲಿವರಿನಿಂದ ಗ್ಲೂಕೋಸನ್ನು ಹೊರಗೆ ತಳ್ಳಲು ಶುರುಮಾಡುತ್ತವೆ. ಸೂಜಿಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರು ಎದ್ದಾಗ ಕಾರಣವಿಲ್ಲದೆ 200 ಕಾಣುವುದು ಇದರಿಂದಲೇ. ಪಂಪು ಆ ಏರಿಕೆಗೂ ಒಂದಿಷ್ಟು ಒಂದಿಷ್ಟೇ ಸೇರಿಸುತ್ತ ಹೋಗುತ್ತದೆ. ಕಿರಿಕಿರಿಯೂ ಇಲ್ಲದಿಲ್ಲ: ಸೆನ್ಸರ್ ಇರುವ ತೋಳಿನ ಮೇಲೆ ಮಗ್ಗುಲಾಗಿ ಮಲಗಿದರೆ ಒತ್ತಡಕ್ಕೆ ಸಿಕ್ಕು ಅದು ಸುಳ್ಳೇ ಲೋ ತೋರಿಸಿ ಮನೆಮಂದಿಯನ್ನೆಲ್ಲ ಎಬ್ಬಿಸುತ್ತದೆ. ಸಕ್ಕರೆ ಬಾಯಿಗೆ ಹಾಕಿಕೊಳ್ಳುವ ಮೊದಲು ಮಗ್ಗುಲು ಬದಲಿಸಿ, ಒಮ್ಮೆ ಬೆರಳಿನಿಂದ ಪರೀಕ್ಷಿಸುವುದು ಒಳ್ಳೆಯದು.

ಇನ್ಸುಲಿನ್ನಿನ ನಿಧಾನ

ರಾತ್ರಿ ಇಷ್ಟು ಜಾಣನಾದ ಯಂತ್ರ ಮಧ್ಯಾಹ್ನದ ಊಟಕ್ಕೆ ಯಾಕೆ ಸೋಲುತ್ತದೆ? ದೋಷ ಲೆಕ್ಕದ್ದಲ್ಲ. ಆರೋಗ್ಯವಂತರ ಮೇದೋಜೀರಕ ಗ್ರಂಥಿ ಬಿಟ್ಟ ಇನ್ಸುಲಿನ್ ನೇರವಾಗಿ ಲಿವರಿಗೆ ಹೋಗುತ್ತದೆ, ಕೆಲವೇ ನಿಮಿಷಗಳಲ್ಲಿ ತನ್ನ ಕೆಲಸ ಮುಗಿಸಿ ಇಲ್ಲವಾಗುತ್ತದೆ. ಚರ್ಮದ ಕೆಳಗೆ ಬಿಟ್ಟ ಇನ್ಸುಲಿನ್ ಕೆಲಸ ಶುರುಮಾಡಲಿಕ್ಕೇ ಹತ್ತು ಹದಿನೈದು ನಿಮಿಷ ತೆಗೆದುಕೊಳ್ಳುತ್ತದೆ. ಅದರ ಜೋರು ಕಾಣುವುದು ಒಂದು ಗಂಟೆಯ ಆಚೀಚೆ, ಪೂರ್ತಿ ಮುಗಿಯುವುದು ನಾಲ್ಕು ಗಂಟೆಯ ಹೊತ್ತಿಗೆ. ಇದರ ಮೇಲೆ ಸೆನ್ಸರಿನ ತಡ ಬೇರೆ. ತಾರಸಿಯ ಸೋಲಾರಿನಿಂದ ಕೆಳಗಿನ ಬಚ್ಚಲಿಗೆ ಬಿಸಿನೀರು ಬರುವಷ್ಟರಲ್ಲಿ ತಾಳ್ಮೆಗೆಟ್ಟು ನಲ್ಲಿಯನ್ನು ಪೂರ್ತಿ ತಿರುಗಿಸಿದರೆ ಏನಾಗುತ್ತದೆಂದು ಬೆಂಗಳೂರಿನ ಬಾಡಿಗೆ ಮನೆಯವರಿಗೆಲ್ಲ ಗೊತ್ತು: ಕೊನೆಗೆ ಮೈ ಸುಡುತ್ತದೆ. ಇಲ್ಲೂ ಅಷ್ಟೇ. ಕೊಟ್ಟ ಇನ್ಸುಲಿನ್ನನ್ನು ವಾಪಸ್ ತೆಗೆಯಲು ಬರುವುದಿಲ್ಲವಾದ್ದರಿಂದ, ಏರಿಕೆ ಕಂಡೊಡನೆ ಸುರಿದುಬಿಡದ ಹಾಗೆ ಯಂತ್ರಕ್ಕೆ ಕಡಿವಾಣ ಹಾಕಿರುತ್ತಾರೆ. ಹಾಗಾಗಿ ಊಟದ ಸುದ್ದಿಯನ್ನು ನೀವೇ ಮುಂಚಿತವಾಗಿ ಕೊಡಬೇಕು. ಈ ಪಂಪುಗಳನ್ನು ‘ಹೈಬ್ರಿಡ್ ಕ್ಲೋಸ್ಡ್ ಲೂಪ್’ ಎನ್ನುವುದು ಅದಕ್ಕೆ: ಅರ್ಧ ಯಂತ್ರದ್ದು, ಅರ್ಧ ನಿಮ್ಮದು.

ಮುದ್ದೆ ಬಸ್ಸಾರಿನ ಊಟವನ್ನೇ ನೋಡಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಕಾರ್ಬೋಹೈಡ್ರೇಟ್ (ಕಾರ್ಬ್) ಇದೆ, ಅಕ್ಕಿಯಲ್ಲಿ ಸುಮಾರು 78. ‘ರಾಗಿ ತಿಂದರೆ ಶುಗರ್ ಏರಲ್ಲ’ ಎಂದು ನೆಂಟರು ಎಷ್ಟು ಹೇಳಿದರೂ ಇನ್ಸುಲಿನ್ ಲೆಕ್ಕದಲ್ಲಿ ಇವೆರಡರ ನಡುವೆ ಮಹಾ ಅಂತರವಿಲ್ಲ. 75 ಗ್ರಾಂ ಹಿಟ್ಟಿನ ಒಂದು ಮುದ್ದೆಗೆ 50 ಗ್ರಾಂ, ಬಸ್ಸಾರಿನ ಕಾಳಿಗೆ, ಪಲ್ಯಕ್ಕೆ ಹತ್ತು ಎಂದರೆ ಒಟ್ಟು 60 ಗ್ರಾಂ ಕಾರ್ಬ್. ನಿಮ್ಮ ಡಾಕ್ಟರು 10 ಗ್ರಾಂಗೆ ಒಂದು ಯೂನಿಟ್ ಎಂದು ಕೂರಿಸಿದ್ದರೆ 6 ಯೂನಿಟ್. ಪಂಪಿನಲ್ಲಿ 60 ಎಂದು ಒತ್ತಿದರೆ ಸಾಕು, ಉಳಿದ ಲೆಕ್ಕ ಅದರದ್ದು. ಒತ್ತಬೇಕಾದದ್ದು ಕೈತೊಳೆದು ಎಲೆಯ ಮುಂದೆ ಕೂತಾಗಲಲ್ಲ; ಅದಕ್ಕೂ ಹತ್ತು ಹದಿನೈದು ನಿಮಿಷ ಮೊದಲು, ಮುದ್ದೆ ತೊಳಸುತ್ತಿರುವಾಗಲೇ. ಈ ಒಂದು ಅಭ್ಯಾಸ ಕೊಡುವಷ್ಟು ಫಲವನ್ನು ಪಂಪಿನ ಬೇರಾವ ಸೆಟ್ಟಿಂಗೂ ಕೊಡುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಒತ್ತುವುದು ಮರೆತುಹೋಯಿತೆನ್ನಿ. ಊಟ ಶುರುವಾಗಿ ಅರ್ಧ ಗಂಟೆ ದಾಟಿದ್ದರೆ ಅರ್ಧದಷ್ಟನ್ನು ಮಾತ್ರ ಕೊಡಿ, ಒಂದು ಗಂಟೆ ದಾಟಿದ್ದರೆ ಯಂತ್ರಕ್ಕೇ ಬಿಟ್ಟುಬಿಡಿ ಎಂಬುದು ಸಾಮಾನ್ಯ ಸಲಹೆ. ಅಷ್ಟರಲ್ಲಿ ಅದು ಏರಿಕೆ ಕಂಡು ತನ್ನ ಪಾಲಿನ ಇನ್ಸುಲಿನ್ ಕೊಡಲು ಶುರುಮಾಡಿರುತ್ತದೆ. ನಿಮ್ಮದೂ ಸೇರಿದರೆ ಸಂಜೆ ಐದಕ್ಕೆ ಲೋ. ಶುಗರ್ ಬೇಗ ಇಳಿಯಲಿ ಎಂದು ತಿನ್ನದ ಊಟವನ್ನು ತಿಂದೆನೆಂದು ಸುಳ್ಳು ಹೇಳುವುದೂ ಅಷ್ಟೇ ಅಪಾಯ. ಮದುವೆ ಮನೆಯಲ್ಲಿ ಮಾತ್ರ ಲೆಕ್ಕ ನಿಜಕ್ಕೂ ಕಷ್ಟ: ಮೊದಲ ಸುತ್ತಿಗೆ ಒಮ್ಮೆ ಒತ್ತಿ, ಹೋಳಿಗೆ ಮತ್ತೆ ಬಂದರೆ ಮತ್ತೊಮ್ಮೆ ಒತ್ತಿ. ತುಪ್ಪ, ಎಣ್ಣೆ ಇರುವ ಊಟದಲ್ಲಿ ಶುಗರ್ ಎರಡು ಮೂರು ಗಂಟೆ ಬಿಟ್ಟು ಏರುವುದನ್ನು ಯಂತ್ರ ಸಾಕಷ್ಟು ಚೆನ್ನಾಗಿ ನಿಭಾಯಿಸುತ್ತದೆ, ಏಕೆಂದರೆ ಆ ಏರಿಕೆ ನಿಧಾನದ್ದು.

ಗ್ರಾಂ ಲೆಕ್ಕವೇ ಬೇಡ ಎನ್ನುವವರಿಗೂ ಸ್ವಲ್ಪ ಸಮಾಧಾನವಿದೆ. ಕತಾರಿನಲ್ಲಿ ಹದಿಹರೆಯದವರ ಮೇಲೆ ಇದೇ 780ಜಿ ಪಂಪಿನಿಂದ ನಡೆಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರತಿ ಊಟಕ್ಕೂ ಗ್ರಾಂ ಎಣಿಸಿದವರ ಶುಗರ್ 80.3% ಹೊತ್ತು 70ರಿಂದ 180ರ ಹದ್ದಿನೊಳಗಿತ್ತು; ಎಣಿಸದೆ, ಮೊದಲೇ ಗೊತ್ತುಮಾಡಿದ ಪ್ರಮಾಣವನ್ನಷ್ಟೇ ಒತ್ತಿದವರದ್ದು 73.5%. ಎಣಿಸಿದರೆ ಚೆನ್ನ, ಆದರೆ ಸುಮಾರಾಗಿ ಹೇಳಿದರೂ ಏನೂ ಹೇಳದಿರುವುದಕ್ಕಿಂತ ಎಷ್ಟೋ ಮೇಲು.

ಲೋ ಆದಾಗಿನ ಹಳೆಯ ಅಭ್ಯಾಸವನ್ನೂ ಬದಲಿಸಿಕೊಳ್ಳಬೇಕು. ಸೂಜಿಯ ಕಾಲದಲ್ಲಿ ಲೋ ಎಂದರೆ 15 ಗ್ರಾಂ, ಅಂದರೆ ಮೂರು ಚಮಚ ಸಕ್ಕರೆ. ಈಗ ನೀವು ಲೋ ಎಂದು ಗಮನಿಸುವ ಎಷ್ಟೋ ಹೊತ್ತಿನ ಮೊದಲೇ ಪಂಪು ಇನ್ಸುಲಿನ್ ನಿಲ್ಲಿಸಿರುತ್ತದೆ. ಒಂದೆರಡು ಚಮಚ ಹೆಚ್ಚಿನ ಸಲ ಸಾಕು. ಗಾಬರಿಯಲ್ಲಿ ಒಂದು ಲೋಟ ಶರಬತ್ತು ಕುಡಿದರೆ ಶುಗರ್ ಚಿಮ್ಮುತ್ತದೆ, ಅದನ್ನು ಕಂಡ ಯಂತ್ರ ಇನ್ಸುಲಿನ್ ಏರಿಸುತ್ತದೆ, ಮತ್ತೆ ಲೋ. ವಾಕಿಂಗ್, ಬ್ಯಾಡ್ಮಿಂಟನ್, ಗದ್ದೆ ಕೆಲಸಗಳಿಗೂ ಇದೇ ನ್ಯಾಯ: ಒಂದೆರಡು ಗಂಟೆ ಮೊದಲೇ ಗುರಿಯನ್ನು ತಾತ್ಕಾಲಿಕವಾಗಿ 150ಕ್ಕೆ ಏರಿಸಬೇಕು. ಹೊರಡುವಾಗ ಏರಿಸಿದರೆ, ಹಿಂದಿನ ಒಂದು ಗಂಟೆಯಲ್ಲಿ ಕೊಟ್ಟ ಇನ್ಸುಲಿನ್ ಆಗಲೇ ಚರ್ಮದ ಕೆಳಗೆ ಕಾದು ಕೂತಿರುತ್ತದೆ.

ಕ್ಯಾನುಲಾ ಮಡಚಿದಾಗ

ಕ್ಯಾನುಲಾ ಕೈಕೊಡುವ ವಿಷಯವನ್ನು ತುಸು ವಿಸ್ತಾರವಾಗಿಯೇ ಹೇಳಬೇಕು. ಸೂಜಿ ಚಿಕಿತ್ಸೆಯಲ್ಲಿ ದಿನವಿಡೀ ಕೆಲಸ ಮಾಡುವ ಇನ್ಸುಲಿನ್ ಒಂದು ದೇಹದಲ್ಲಿ ಯಾವಾಗಲೂ ಇರುತ್ತದೆ. ಪಂಪಿನಲ್ಲಿ ಅದಿಲ್ಲ. ಕ್ಯಾನುಲಾ ಒಳಗೆ ಮಡಚಿಕೊಂಡರೆ ಅಥವಾ ಬೆವರಿಗೆ ಅಂಟು ಬಿಟ್ಟು ಹೊರಬಂದರೆ, ಮೂರ್ನಾಲ್ಕು ಗಂಟೆಯಲ್ಲಿ ದೇಹದಲ್ಲಿ ಇನ್ಸುಲಿನ್ನೇ ಇಲ್ಲದಂತಾಗಿ ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಏರತೊಡಗುತ್ತದೆ. ಕೀಟೋನ್ ಹೆಚ್ಚಿ ರಕ್ತ ಆಮ್ಲೀಯವಾದರೆ ವಾಂತಿ, ಏದುಸಿರು, ಐಸಿಯು. ದಾರಿ ಕಟ್ಟಿದರೆ ಪಂಪು ಅಲಾರಂ ಹೊಡೆಯುತ್ತದೆ ನಿಜ. ಆದರೆ ಇನ್ಸುಲಿನ್ ಚರ್ಮದ ಹೊರಗೆ ಸೋರುತ್ತಿದ್ದರೆ ಅದರ ಪಾಲಿಗೆ ಎಲ್ಲವೂ ಸರಿಯಾಗಿಯೇ ಇರುತ್ತದೆ. ಅಂಟಿನ ಹತ್ತಿರ ಒದ್ದೆ, ಆಸ್ಪತ್ರೆಯಲ್ಲಿ ಬರುವಂಥ ಘಾಟು ವಾಸನೆ ಇದ್ದರೆ ಸೋರಿಕೆ ಎಂದೇ ತಿಳಿಯಿರಿ. ಇನ್ಸುಲಿನ್ ಕೆಡದಿರಲೆಂದು ಸೇರಿಸುವ ಫೀನಾಲಿನಂಥ ರಾಸಾಯನಿಕಗಳ ವಾಸನೆ ಅದು.

ಶುಗರ್ ಕಾರಣವಿಲ್ಲದೆ 250 ದಾಟಿ, ಕರೆಕ್ಷನ್ ಕೊಟ್ಟು ಒಂದು ಗಂಟೆಯಾದರೂ ಇಳಿಯದಿದ್ದರೆ ಕ್ಯಾನುಲಾದ ಮೇಲೇ ಮೊದಲ ಅನುಮಾನ ಪಡಿ. ಬೆರಳಿನ ರಕ್ತದಲ್ಲಿ ಕೀಟೋನ್ ನೋಡಿ: 0.6ಕ್ಕಿಂತ ಕೆಳಗಿದ್ದರೆ ಸರಿ, 1.5 ದಾಟಿದರೆ ಡಾಕ್ಟರಿಗೆ ಫೋನ್ ಮಾಡಿ, 3 ದಾಟಿದರೆ ಅಥವಾ ವಾಂತಿ ಶುರುವಾದರೆ ನೇರ ಆಸ್ಪತ್ರೆ. ಕರೆಕ್ಷನ್ ಡೋಸನ್ನು ಮತ್ತೆ ಪಂಪಿನಿಂದ ಕೊಡಬೇಡಿ, ಸಿರಿಂಜಿನಿಂದಲೋ ಪೆನ್ನಿನಿಂದಲೋ ಕೊಡಿ. ಆಮೇಲೆ ಸೆಟ್ ಬದಲಿಸಿ. ಹೀಗೆ ಹೊರಗಿನಿಂದ ಚುಚ್ಚಿದ್ದು ಪಂಪಿಗೆ ಗೊತ್ತಿರುವುದಿಲ್ಲ. ಅದು ತನ್ನಷ್ಟಕ್ಕೆ ಇನ್ನಷ್ಟು ಕೊಡದಂತೆ ಕೆಲವು ಗಂಟೆ ಆಟೋ ಮೋಡನ್ನು ಆಫ್ ಮಾಡಿಡಬೇಕು.

ಸಿರಿಂಜಿನ ವಿಷಯದಲ್ಲಿ ನಮ್ಮ ದೇಶದಲ್ಲಿ ಒಂದು ವಿಶೇಷ ಎಚ್ಚರ ಬೇಕು. ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಹಳೆಯ ಬಗೆಯ ಇನ್ಸುಲಿನ್ ಬಾಟಲಿಗಳು ಒಂದು ಮಿಲಿಗೆ 40 ಯೂನಿಟ್‌ನವು, ಅವುಗಳ ಸಿರಿಂಜಿಗೆ ಕೆಂಪು ಮುಚ್ಚಳ. ಪಂಪಿಗೆ ಹಾಕುವುದು ಒಂದು ಮಿಲಿಗೆ 100 ಯೂನಿಟ್‌ನದ್ದು, ಅದಕ್ಕೆ ಕಿತ್ತಳೆ ಮುಚ್ಚಳದ ಸಿರಿಂಜು ಬೇಕು. ಅವಸರದಲ್ಲಿ ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಪಂಪಿನ ಇನ್ಸುಲಿನ್ ಎಳೆದು 6ರ ಗೆರೆಗೆ ನಿಲ್ಲಿಸಿದರೆ ಒಳಗೆ ಹೋಗುವುದು 15 ಯೂನಿಟ್. ಬ್ಯಾಗಿನಲ್ಲಿ ಕಿತ್ತಳೆ ಮುಚ್ಚಳದ್ದನ್ನು ಮಾತ್ರ ಇಟ್ಟುಕೊಳ್ಳಿ. ಪೆನ್ನು ಇಟ್ಟುಕೊಂಡರೆ ಈ ಗೊಂದಲವೇ ಇಲ್ಲ.

ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಕೂಡ ಒಂದು ಬಲೆಯೇ. ನಮ್ಮಲ್ಲಿ ಡೋಲೋ ಯಾರ ಮನೆಯಲ್ಲಿಲ್ಲ ಹೇಳಿ? ಮೆಡ್‌ಟ್ರಾನಿಕ್‌ನ ಗಾರ್ಡಿಯನ್ ಸೆನ್ಸರುಗಳು ಪ್ಯಾರಾಸಿಟಮಾಲ್ ರಕ್ತದಲ್ಲಿರುವಾಗ ಶುಗರನ್ನು ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತವೆ. ಯಂತ್ರ ಅದನ್ನೇ ನಂಬಿ ಬೇಡದ ಇನ್ಸುಲಿನ್ ಕೊಡುತ್ತದೆ. ಡೆಕ್ಸ್‌ಕಾಮ್‌ನ ಜಿ6, ಜಿ7 ಸೆನ್ಸರುಗಳಿಗೆ ಆರು ಗಂಟೆಗೆ ಒಂದು ಗ್ರಾಂವರೆಗೆ ತೊಂದರೆಯಿಲ್ಲ. ನಿಮ್ಮ ಸೆನ್ಸರಿಗೆ ಯಾವ ಮಾತ್ರೆ ಆಗದು ಎಂದು ಮೊದಲ ದಿನವೇ ಕೇಳಿ ಬರೆದಿಟ್ಟುಕೊಳ್ಳಿ.

ಎಷ್ಟು ಫಲ, ಯಾರಿಗೆ

ಫಲ ಅಳೆಯಲು ಈಗ ಮೂರು ತಿಂಗಳ ಸರಾಸರಿ ಎಚ್‌ಬಿಎ1ಸಿ ಒಂದನ್ನೇ ನೋಡುವುದಿಲ್ಲ. ದಿನದಲ್ಲಿ ಎಷ್ಟು ಹೊತ್ತು ಶುಗರ್ 70ರಿಂದ 180ರ ಒಳಗಿತ್ತು ಎಂದೂ ನೋಡುತ್ತಾರೆ. ಹೆಚ್ಚಿನ ವಯಸ್ಕರಿಗೆ ಗುರಿ 70%ಕ್ಕಿಂತ ಹೆಚ್ಚು, ಅಂದರೆ ಸುಮಾರು ಹದಿನೇಳು ಗಂಟೆ. 70ರ ಕೆಳಗೆ 4%ಕ್ಕಿಂತ ಕಡಿಮೆ. ಟ್ಯಾಂಡೆಮ್ ಕಂಪನಿಯ ಕಂಟ್ರೋಲ್-ಐಕ್ಯೂ ಎಂಬ ಇಂಥದೇ ವ್ಯವಸ್ಥೆಯ ಮೇಲೆ 14 ವರ್ಷ ಮೇಲ್ಪಟ್ಟ 168 ಜನರಲ್ಲಿ ಆರು ತಿಂಗಳು ನಡೆದ ಪರೀಕ್ಷೆ 2019ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ಆಟೋ ಪಂಪಿನವರು 61ರಿಂದ 71%ಕ್ಕೆ ಏರಿದರು, ಸೆನ್ಸರಿದ್ದೂ ಪಂಪಿಗೆ ಆಟೋ ಇಲ್ಲದವರು 59ರಲ್ಲೇ ಉಳಿದರು. ದಿನಕ್ಕೆ ಸುಮಾರು ಎರಡೂವರೆ ಗಂಟೆಯ ಲಾಭ, ಸುಧಾರಣೆ ಹಗಲಿಗಿಂತ ರಾತ್ರಿಯಲ್ಲಿ ಹೆಚ್ಚು. ಚಿಕಿತ್ಸೆಗಳ ಬಗ್ಗೆ ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2023ರ ಡಿಸೆಂಬರಿನಲ್ಲಿ ಈ ಪಂಪುಗಳನ್ನು ಅರ್ಹರಿಗೆ ಸರ್ಕಾರಿ ಖರ್ಚಿನಲ್ಲೇ ಕೊಡಲು ಶಿಫಾರಸು ಮಾಡಿತು. ಅಲ್ಲಿರುವ ಕನ್ನಡಿಗರಿಗೂ ಆ ದಾರಿ ತೆರೆದಿದೆ, ಇಲ್ಲಿ ನಮಗೆ ಅಂಥ ದಾರಿ ಇನ್ನೂ ಕಾಣುತ್ತಿಲ್ಲ.

ಕಂಪನಿಗಳಿಗಾಗಿ ಕಾಯದೆ ತಾವೇ ಮಾಡಿಕೊಂಡವರ ಕಥೆಯೂ ಇದೆ. ರಾತ್ರಿ ಸೆನ್ಸರಿನ ಅಲಾರಂ ಕೇಳಿಸದಷ್ಟು ಗಾಢವಾಗಿ ನಿದ್ದೆ ಮಾಡುತ್ತಿದ್ದ ಅಮೆರಿಕದ ಡಾನಾ ಲೂಯಿಸ್ ಮೊದಲು ಅಲಾರಮನ್ನು ಜೋರು ಮಾಡುವ ದಾರಿ ಹುಡುಕಿದರು. ಅದೇ ಬೆಳೆದು, ಹಳೆಯ ಪಂಪನ್ನು ಪುಟ್ಟ ಕಂಪ್ಯೂಟರಿನಿಂದ ನಡೆಸುವ ವಿಧಾನವಾಯಿತು. 2015ರಲ್ಲಿ ಅದನ್ನು ಓಪನ್‌ಎಪಿಎಸ್ ಹೆಸರಿನಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟರು. ಇದರ ಕುಲದ ಒಂದು ಪ್ರೋಗ್ರಾಂ ಮೇಲೆ ನ್ಯೂಜಿಲೆಂಡಿನಲ್ಲಿ 97 ಜನರ ಪರೀಕ್ಷೆ ನಡೆದು 2022ರಲ್ಲಿ ಪ್ರಕಟವಾಯಿತು. ಅದನ್ನು ಬಳಸಿದವರು ಹದ್ದಿನೊಳಗಿದ್ದದ್ದು 71.2%, ಉಳಿದವರು 54.5%. ಕೆಲಸ ಮಾಡುತ್ತದೆ, ಸಂಶಯವಿಲ್ಲ. ಆದರೆ ಕೆಟ್ಟರೆ ಕೇಳುವವರು ಯಾರೂ ಇಲ್ಲ.

ಕೊಳ್ಳುವ ಮುಂಚೆ ಎರಡು ಮೂರು ಮಾತು. ಪಂಪಿನ ಬೆಲೆ ಲಕ್ಷಗಳಲ್ಲಿ ಇದೆ, ಅದು ಒಮ್ಮೆ ಕೊಡುವಂಥದ್ದು. ನಿಜವಾದ ಹೊರೆ ಸೆನ್ಸರು, ಸೆಟ್ಟುಗಳಿಗೆ ಪ್ರತಿ ತಿಂಗಳೂ ಹೋಗುವ ಸಾವಿರಾರು ರೂಪಾಯಿ. ಸೆನ್ಸರಿಗೆ ದುಡ್ಡು ಸಾಲದೆ ಬರೀ ಪಂಪು ಇಟ್ಟುಕೊಂಡರೆ ಆಟೋ ಮೋಡೇ ಇಲ್ಲ. ಆ ಸ್ಥಿತಿ ಬರುವಂತಿದ್ದರೆ ಒಳ್ಳೆಯ ಪೆನ್ನಿನ ಜೊತೆ ಸೆನ್ಸರ್ ಒಂದನ್ನೇ ಇಟ್ಟುಕೊಳ್ಳುವುದು ಹೆಚ್ಚು ಜಾಣತನ. ನಿಮ್ಮ ಊರಿಗೆ ಸೆಟ್ಟು ಎಷ್ಟು ದಿನದಲ್ಲಿ ಬರುತ್ತದೆ, ಪಂಪು ಕೆಟ್ಟರೆ ಬದಲಿ ಪಂಪು ಕೊಡುತ್ತಾರೆಯೇ, ರಾತ್ರಿ ಫೋನ್ ಎತ್ತುವವರು ಯಾರು ಎಂದು ಮಾರುವವರನ್ನು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಬಹಳ ವರ್ಷ ಹೈ ಇದ್ದವರ ಶುಗರ್ ಒಮ್ಮೆಗೇ ಇಳಿದರೆ ಕಣ್ಣಿನ ರೆಟಿನಾದ ತೊಂದರೆ ಕೆಲಕಾಲ ಉಲ್ಬಣಿಸಬಹುದು. ಹಾಗಾಗಿ ಪಂಪಿಗೆ ಮೊದಲು ಕಣ್ಣಿನ ಪರೀಕ್ಷೆ ಆಗಿರಲಿ. ಎಂಆರ್‌ಐ ಸ್ಕ್ಯಾನಿಗೆ ಹೋಗುವಾಗ ಪಂಪು, ಸೆನ್ಸರು ಎರಡನ್ನೂ ತೆಗೆದು ಹೊರಗಿಡಬೇಕು. ಹಾಕಿಸಿಕೊಂಡ ಎರಡು ವಾರಕ್ಕೆ ಪಂಪಿನ ವರದಿಯನ್ನು ಡಾಕ್ಟರ ಮುಂದಿಟ್ಟು, ಮೊದಲು ಊಟದ ನಂತರದ ಗೆರೆಗಳನ್ನೇ ನೋಡಿಸಿ.